ಎರಡನೆಯ ಹಗೇವು

1999ರ ಏಪ್ರಿಲ್ ತಿಂಗಳ ಒಂದು ಸಂಜೆ ತುಮಕೂರಿನ ಮೇಷ್ಟ್ರ ಮನೆಯ ಗಣಕಯಂತ್ರ ಇನ್ನು ತನ್ನ ಕೈಲಾಗದು ಎಂದುಬಿಟ್ಟಿತು. ಅಂದದ್ದು ಇಂಗ್ಲಿಷಿನಲ್ಲಿ. ಡಿಸ್ಕ್ ತುಂಬಿದೆ, ಬೇಡದ್ದನ್ನು ಅಳಿಸಿ ಜಾಗ ಮಾಡಿಕೊಡಿ ಎಂಬುದು ಅದರ ಸಾರಾಂಶ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

‘ಏನಂತೆ?’ ಎಂದರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ.

‘ಹೊಟ್ಟೆ ತುಂಬಿದೆಯಂತೆ.’

‘ತುಂಬಿದ್ರೆ ಬೇಡದ್ದು ತೆಗೆದು ಆಚೆ ಹಾಕಿ. ಅಟ್ಟ ತುಂಬಿದಾಗ ನಾನು ಹಾಕಲ್ವೇ?’

ಬೇಡದ್ದು ಯಾವುದು ಎಂಬುದೇ ಕಷ್ಟದ ಪ್ರಶ್ನೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಗೆ ಮೊದಲೇ ಅವರಿಗೊಂದು ಗೀಳು ಹತ್ತಿಕೊಂಡಿತ್ತು. ಟ್ರ್ಯಾಕ್ಟರ್ ಬಂದ ಊರಿನಿಂದ ನೇಗಿಲು ಹೊರಟುಹೋಗುತ್ತದೆ. ನೇಗಿಲಿನ ಬೆನ್ನಿಗೇ ಮೇಣಿ, ಮಿಣಿ, ನೊಗ ಎಂಬ ಮಾತುಗಳೂ ಹೊರಟುಹೋಗುತ್ತವೆ. ಪಂಪ್‌ಸೆಟ್ಟು ಬಂದಮೇಲೆ ಬಾವಿಯ ಮೇಲಿನ ಕಪಿಲೆ ಹೋಯಿತು, ಅದರ ಚರ್ಮದ ಬಾನಿ ಹೋಯಿತು, ಎತ್ತು ಹಿಂದೆ ಹಿಂದೆ ನಡೆಯುತ್ತಿದ್ದ ಇಳಿಜಾರಿನ ಹೆಸರೂ ಹೋಯಿತು. ಹೋಗುವವರನ್ನು ತಡೆಯಲಾಗದಿದ್ದರೂ ಹೆಸರು, ಊರು ಬರೆದಿಟ್ಟುಕೊಳ್ಳಬಹುದಲ್ಲ ಎಂದು ಮೇಷ್ಟ್ರು ಒಂಬತ್ತು ವರ್ಷ ಗುಬ್ಬಿ, ಶಿರಾ, ಮಧುಗಿರಿ, ತುರುವೇಕೆರೆ ಸೀಮೆಯ ಹಳ್ಳಿಗಳನ್ನು ಸುತ್ತಿದರು. ಒಂದೊಂದು ಪದಕ್ಕೆ ಒಂದೊಂದು ಚೀಟಿ. ಚೀಟಿಗಳು ಬೂಟಿನ ಡಬ್ಬಗಳಲ್ಲಿ ತುಂಬಿದವು. ಜತೆಗೆ ಮುದುಕರ ಮಾತನ್ನು ಹಿಡಿದಿಟ್ಟ 22 ಕ್ಯಾಸೆಟ್ಟುಗಳು.

ಮಗಳ ಮದುವೆ ಮುಗಿದು ಕೈಯಲ್ಲುಳಿದ ಹಣದಲ್ಲಿ ಗಣಕಯಂತ್ರ ಬಂತು. 1998ರಲ್ಲಿ ಬಂದ ‘ಬರಹ’ ತಂತ್ರಾಂಶದಲ್ಲಿ ಮೇಷ್ಟ್ರು ಒಂದೇ ಬೆರಳಿನಲ್ಲಿ ಕುಟ್ಟಿ ಚೀಟಿಗಳನ್ನೆಲ್ಲ ಒಳಗೆ ಇಳಿಸಿದರು. ಒಂಬತ್ತು ವರ್ಷದ ಬರವಣಿಗೆ ಅಷ್ಟೂ ಸೇರಿ ಸುಮಾರು ಐದು ಮೆಗಾಬೈಟು ಆಯಿತು. ಯಂತ್ರ ಅದನ್ನು ಒಂದು ತುತ್ತಿನಂತೆ ನುಂಗಿ ಸುಮ್ಮನಿತ್ತು.

ತೊಂದರೆ ಶುರುವಾದದ್ದು ಕ್ಯಾಸೆಟ್ಟುಗಳಿಂದ. ಕೆಲವಕ್ಕೆ ಬೂಷ್ಟು ಹಿಡಿಯುತ್ತಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ಎದುರುಮನೆ ಹುಡುಗ ಟೇಪ್ ರೆಕಾರ್ಡರಿನಿಂದ ಯಂತ್ರದ ಹಿಂಬದಿಯ ತೂತಿಗೆ ಒಂದು ವಯರು ಎಳೆದುಕೊಟ್ಟು, ಮಾತನ್ನೂ ಒಳಗೆ ತುಂಬುವುದನ್ನು ಕಲಿಸಿದ. ಲೆಕ್ಕವನ್ನೂ ಹೇಳಿದ. ಯಂತ್ರ ಧ್ವನಿಯನ್ನು ಸೆಕೆಂಡಿಗೆ 22,050 ಸಲ ಅಳೆದು ಬರೆದುಕೊಳ್ಳುತ್ತದೆ. ಒಂದೊಂದು ಅಳತೆಗೂ ಎರಡೆರಡು ಬೈಟು ಬೇಕು. ಗಂಟೆಗೆ ಸುಮಾರು 159 ಮೆಗಾಬೈಟು. ಅಂದರೆ ಒಂಬತ್ತು ವರ್ಷ ಬರೆದದ್ದಕ್ಕೆ ಬೇಕಾದ ಜಾಗ ಎರಡು ನಿಮಿಷ ಆಡಿದ ಮಾತಿಗೆ ಸರಿಹೋಗುತ್ತದೆ! ಬರಹಕ್ಕಿಂತ ಬಾಯಿಮಾತು ಹಗುರ ಎಂದು ನಂಬಿದ್ದ ಕನ್ನಡ ಮೇಷ್ಟ್ರಿಗೆ ಇದು ಹೊಸ ಪಾಠ.

22 ಕ್ಯಾಸೆಟ್ಟಿಗೆ ಮೂರೂವರೆ ಗಿಗಾಬೈಟು ಬೇಕು. ಯಂತ್ರದ ಹಾರ್ಡ್ ಡಿಸ್ಕ್ ಇದ್ದದ್ದು 2.1 ಗಿಗಾಬೈಟಿನದು. ಮನೆಯೊಂದನ್ನು ಎರಡು ಅಂಕಣ ಮಾಡಿದ ಹಾಗೆ ಅದನ್ನು ಸಿ ಮತ್ತು ಡಿ ಎಂದು ಪಾಲು ಮಾಡಿದ್ದರು. ಸಿಯಲ್ಲಿ ಯಂತ್ರದ ಸ್ವಂತ ಸಂಸಾರ. ಡಿಯಲ್ಲಿ ಮೇಷ್ಟ್ರ ಪದಗಳು ಮತ್ತು ಕ್ಯಾಸೆಟ್ಟುಗಳು. ಆರು ಕ್ಯಾಸೆಟ್ಟು ಇಳಿಸುವಷ್ಟರಲ್ಲಿ ಡಿ ತುಂಬಿಹೋಯಿತು.

ಆ ಆರನೆಯ ಕ್ಯಾಸೆಟ್ಟಿನ ಕಥೆ ಬೇರೆಯೇ ಇದೆ. ಮಧುಗಿರಿ ಕಡೆಯ ಹಳ್ಳಿಯೊಂದರಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರು ಮನೆಯ ಮುಂದಿನ ಹಗೇವಿನ ಬಾಯಿ ತೋರಿಸುತ್ತ ಒಂದು ಗಂಟೆ ಮಾತಾಡಿದ್ದರು. ಹಗೇವು ಎಂದರೆ ನೆಲ ಅಗೆದು ಮಾಡಿದ ಕಣಜ. ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಮಾತಾಡಿದ ಮರುವರ್ಷ ಅಜ್ಜ ತೀರಿಕೊಂಡರು. ಆ ಕ್ಯಾಸೆಟ್ಟು ಯಂತ್ರಕ್ಕೆ ಇಳಿದು ಮುಗಿದ ಮೇಲೆ ಹಿಂದಕ್ಕೆ ಸುತ್ತುವಾಗ ಟೇಪು ರೆಕಾರ್ಡರಿನ ಹಲ್ಲಿಗೆ ಸಿಕ್ಕಿ, ಸುರುಳಿ ಸುರುಳಿಯಾಗಿ ಹೊರಬಂದು ಮೂರು ಕಡೆ ಹರಿಯಿತು. ಅಜ್ಜನ ಧ್ವನಿ ಉಳಿದದ್ದು ಡಿಯಲ್ಲಿ ಮಾತ್ರ.

ಆದ್ದರಿಂದ ಅಳಿಸುವ ಮಾತಿಲ್ಲ. ಹೊಸ ಯಂತ್ರ ಕೊಳ್ಳುವ ಶಕ್ತಿಯಿಲ್ಲ. ಎದುರುಮನೆ ಹುಡುಗನೇ ದಾರಿ ತೋರಿಸಿದ: ‘ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿ ಸಾರ್. ಒಂದು ಕೇಬಲ್ಲಿಗೆ ಎರಡು ತಗುಲಿಸಬಹುದು. ಎಸ್.ಪಿ. ರೋಡಲ್ಲಿ ಅಗ್ಗಕ್ಕೆ ಸಿಗುತ್ತೆ.’

ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ; ಎಸ್.ಪಿ. ರೋಡ್ ಎಂದರೆ ಎಲ್ಲರಿಗೂ ಗೊತ್ತು. ಮೇಷ್ಟ್ರು ಮೆಜೆಸ್ಟಿಕ್‌ನಲ್ಲಿ ಇಳಿದು, ಸಿಟಿ ಬಸ್ಸಿನಲ್ಲಿ ಟೌನ್ ಹಾಲ್ ತಲುಪಿ, ಕೇಳುತ್ತ ಕೇಳುತ್ತ ಒಳಹೊಕ್ಕರು. ನಟ್ಟು ಬೋಲ್ಟಿನ ಅಂಗಡಿಯ ಪಕ್ಕದಲ್ಲಿ ಮಾನಿಟರಿನ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ವಯರಿನ ಅಂಗಡಿ. ಕೈಗಾಡಿಯವನಿಗೆ ದಾರಿ ಬಿಟ್ಟರೆ ಸ್ಕೂಟರಿನವನು ಬೈಯುತ್ತಾನೆ. ಒಬ್ಬರ ಹೆಗಲ ಮೇಲೆ ಒಬ್ಬರು ಕೂತ ಹಾಗಿದ್ದ ಆ ಅಂಗಡಿಗಳಲ್ಲಿ, ತರಕಾರಿ ಮಾರುಕಟ್ಟೆಯಲ್ಲಿ ಬದನೆಕಾಯಿ ಕೇಳುವ ಸಲೀಸಿನಲ್ಲಿ ಜನ ಮದರ್‌ಬೋರ್ಡು ಕೇಳುತ್ತಿದ್ದರು.

ಮೊದಲ ಅಂಗಡಿಯ ಹುಡುಗ ಮೇಷ್ಟ್ರ ಪಂಚೆಯನ್ನೂ ಕೈಚೀಲವನ್ನೂ ನೋಡಿ, ‘ಏನ್ ಬೇಕು ಯಜಮಾನ್ರೇ?’ ಎಂದ.

‘ಹಾರ್ಡ್ ಡಿಸ್ಕು. ನಾಲ್ಕು ಗಿಗಾಬೈಟಿನ ಆಸುಪಾಸು.’

‘ಫೋರ್ ಪಾಯಿಂಟ್ ತ್ರೀ ಇದೆ. ಬಿಲ್ ಬೇಕಾ, ಬೇಡ್ವಾ?’

‘ಎರಡಕ್ಕೂ ಏನಪ್ಪಾ ವ್ಯತ್ಯಾಸ?’

‘ಬಿಲ್ ಇದ್ರೆ ಒಂದು ವರ್ಷ ಗ್ಯಾರಂಟಿ, ರೇಟು ಬೇರೆ. ಇಲ್ದಿದ್ರೆ ಅಂಗಡಿ ಮೆಟ್ಟಿಲು ಇಳಿಯೋವರೆಗೂ ಗ್ಯಾರಂಟಿ.’

ಎರಡನೆಯ ಅಂಗಡಿಯವರು ಬೇರೆ ಯಂತ್ರದಿಂದ ಬಿಚ್ಚಿದ ಡಿಸ್ಕನ್ನು ಅರ್ಧ ಬೆಲೆಗೆ ತೋರಿಸಿದರು. ಮೇಷ್ಟ್ರು ಅದನ್ನು ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ನೋಡುವ ಹಾಗೆ ಅಲ್ಲಾಡಿಸಲು ಹೋದಾಗ ಅಂಗಡಿಯವರೇ ಗಾಬರಿಯಾಗಿ ಕಿತ್ತುಕೊಂಡರು. ಮೂರನೆಯವರು ‘ಇನ್ನೊಂದೆಂಟುನೂರು ಹಾಕಿ, ಆರು ಪಾಯಿಂಟ್ ನಾಲ್ಕು ಬರುತ್ತೆ’ ಎಂದು ಆಸೆ ಹಚ್ಚಿದರು. ನಾಲ್ಕನೆಯ ಅಂಗಡಿಯಲ್ಲಿ, ಬಿಲ್ ಸಮೇತ, 4.3 ಗಿಗಾಬೈಟಿನದು 4,800 ರೂಪಾಯಿಗೆ ಕುದುರಿತು. ಮೇಷ್ಟ್ರ ಒಂದು ತಿಂಗಳ ಪಿಂಚಣಿಯನ್ನು ಮೀರಿದ ಮೊತ್ತ; ಆದರೂ ಹೊಸ ಯಂತ್ರದ ಬೆಲೆಯ ಮುಂದೆ ಅಗ್ಗವೇ. ಅಂಗಡಿಯ ಹುಡುಗ ಒಳ್ಳೆಯವನು. ಬಿಲ್ಲಿನ ಹಿಂದೆ ನಾಲ್ಕು ಸಾಲು ಗೀಚಿಕೊಟ್ಟ: ಒಂದು, ಎಫ್‌ಡಿಸ್ಕ್. ಎರಡು, ಯಂತ್ರ ಆರಿಸಿ ಹಚ್ಚುವುದು. ಮೂರು, ಫಾರ್ಮ್ಯಾಟ್ ಡಿ. ನಾಲ್ಕು, ವೈ.

‘ಇಷ್ಟೇ ಸಾರ್. ಅರ್ಧ ಗಂಟೆ ಕೆಲಸ.’

ಹೊಳೆಯುವ ಪ್ಲಾಸ್ಟಿಕ್ ಚೀಲದಲ್ಲಿದ್ದ ಡಿಸ್ಕನ್ನು ಮೇಷ್ಟ್ರು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತುಮಕೂರಿನ ಬಸ್ಸಿನಲ್ಲಿ ಕೂತರು. ಹಳ್ಳ ಬಂದಾಗಲೆಲ್ಲ ಗಂಟನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ಕಂಡಕ್ಟರ್ ಟಿಕೆಟ್ ಹರಿಯುತ್ತ, ‘ಏನ್ ಸಾರ್ ಅದು, ಕೂಸೇ?’ ಎಂದ. ಮೇಷ್ಟ್ರು ಇಲ್ಲವೆನ್ನಲಿಲ್ಲ.

ಟವೆಲಿನ ಆ ಗಂಟಿಗೆ ಒಂದು ಇತಿಹಾಸವಿತ್ತು. ಹಾರ್ಡ್ ಡಿಸ್ಕ್ ಮೊದಲು ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ಐಬಿಎಂ ಕಂಪನಿಯಿಂದ. ಬೀರುವಿಗಿಂತ ದೊಡ್ಡದಾಗಿದ್ದ ಅದರೊಳಗೆ ಎರಡಡಿ ಅಗಲದ 50 ತಟ್ಟೆಗಳು ತಿರುಗುತ್ತಿದ್ದವು. ಅಷ್ಟು ತಟ್ಟೆ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ಸುಮಾರಾಗಿ ಮೇಷ್ಟ್ರ ಚೀಟಿಗಳಷ್ಟು. 1980ರಲ್ಲಿ ಸೀಗೇಟ್ ಕಂಪನಿ ಅಷ್ಟನ್ನೇ ಮೇಜಿನ ಯಂತ್ರದೊಳಗೆ ಹಿಡಿಸುವ ಪೆಟ್ಟಿಗೆ ಮಾಡಿತು. ಮೇಷ್ಟ್ರ ಗಂಟು ಅದಕ್ಕಿಂತಲೂ ಚಿಕ್ಕದು, ಒಂದು ಸಣ್ಣ ಪುಸ್ತಕದಷ್ಟು. ಒಳಗಿನ ತಟ್ಟೆಗಳು ನಿಮಿಷಕ್ಕೆ 5,400 ಸುತ್ತು ಸುತ್ತುತ್ತವೆ. ಅವುಗಳ ಮೇಲೆ ಓದುವ ಬರೆಯುವ ತಲೆ ಮುಟ್ಟಿಯೂ ಮುಟ್ಟದ ಹಾಗೆ ಗಾಳಿಯಲ್ಲಿ ತೇಲುತ್ತದೆ. ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದು. ಓಡುತ್ತಿರುವಾಗ ಪೆಟ್ಟು ಬಿದ್ದರೆ ತಲೆ ತಟ್ಟೆಗೆ ತಾಗಿ ಬರೆದದ್ದು ಕೆರೆದುಹೋಗುತ್ತದೆ. ಹೀಗಿರುವಾಗ ಬಸ್ಸಿನಲ್ಲಿ ಗಂಟನ್ನು ಎತ್ತಿ ಹಿಡಿದದ್ದರಲ್ಲಿ ತಪ್ಪೇನೂ ಇಲ್ಲ.

ಮಾರನೆಯ ಸಂಜೆ ಹುಡುಗ ಪರೀಕ್ಷೆಗೆಂದು ಹೊರಡುವ ಆತುರದಲ್ಲಿದ್ದ. ಗೇಟಿನ ಹತ್ತಿರ ನಿಂತೇ ಒಂದು ಸಲಹೆ ಕೊಟ್ಟ: ‘ಎಫ್‌ಡಿಸ್ಕಲ್ಲಿ ಪ್ರೈಮರಿ ಮಾಡ್ಬೇಡಿ ಸಾರ್, ಎಕ್ಸ್‌ಟೆಂಡೆಡ್ ಮಾಡಿ. ಇಲ್ದಿದ್ರೆ ನಿಮ್ಮ ಹಳೇ ಡಿ ಹೋಗಿ ಇ ಆಗ್ಬಿಡುತ್ತೆ. ಆಮೇಲೆ ಫೈಲು ಸಿಗ್ತಿಲ್ಲ ಅಂತ ಹುಡುಕಾಡ್ತೀರಿ.’ ಮೇಷ್ಟ್ರು ಅದನ್ನೂ ನೋಟು ಪುಸ್ತಕದಲ್ಲಿ ಬರೆದುಕೊಂಡರು.

ಊಟವಾದ ಮೇಲೆ ಯಂತ್ರವನ್ನು ಮೇಜಿನ ಮೇಲೆ ಮಲಗಿಸಿ ಮುಚ್ಚಳ ಬಿಚ್ಚಲಾಯಿತು. ಮೈಯಲ್ಲಿರುವ ವಿದ್ಯುತ್ತು ಹರಿದುಹೋಗಲೆಂದು ಮೊದಲು ತಗಡಿನ ಮೈ ಮುಟ್ಟಬೇಕು. ಮೇಷ್ಟ್ರು ದೇವರ ಪೆಟ್ಟಿಗೆ ಮುಟ್ಟಿದಷ್ಟು ಭಕ್ತಿಯಿಂದ ಮುಟ್ಟಿದರು. ಹಳೆಯ ಡಿಸ್ಕಿನ ಕೆಳಗೇ ಇನ್ನೊಂದಕ್ಕೆ ಆಗುವಷ್ಟು ಖಾಲಿ ಗೂಡು ಇತ್ತು. ಹೊಸದನ್ನು ಅದರಲ್ಲಿ ಕೂಡಿಸಿ ನಾಲ್ಕು ಸ್ಕ್ರೂ ಬಿಗಿದರು. ಪಟ್ಟಿಯಂತೆ ಅಗಲವಾದ ಬೂದುಬಣ್ಣದ ಕೇಬಲ್ಲಿನ ನಡುವೆ ಇನ್ನೊಂದು ಕೊಂಡಿ ಕಾದುಕೊಂಡೇ ಇತ್ತು. ಕೇಬಲ್ಲಿನ ಒಂದು ಅಂಚಿಗೆ ಸೀರೆಯ ಅಂಚಿನ ಹಾಗೆ ಕೆಂಪು ಗೆರೆ. ಆ ಗೆರೆ ಡಿಸ್ಕಿನ ಒಂದನೇ ನಂಬರಿನ ಸೂಜಿಯ ಕಡೆ ಬರಬೇಕು. ವಿದ್ಯುತ್ತಿನ ಕೊಂಡಿಗೆ ಹಳದಿ, ಕೆಂಪು, ಎರಡು ಕಪ್ಪು ವಯರು. ಅದರ ಎರಡು ಮೂಲೆ ಸವರಿದ್ದರಿಂದ ತಿರುಗುಮುರುಗಾಗಿ ಚುಚ್ಚಲು ಹೋದರೆ ಒಳಗೇ ಹೋಗುವುದಿಲ್ಲ. ಯಾರೋ ಪುಣ್ಯಾತ್ಮರು ಮೇಷ್ಟ್ರಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಿರಬೇಕು.

ಸ್ವಿಚ್ಚು ಒತ್ತಿದರೆ ಯಂತ್ರಕ್ಕೆ ಹೊಸ ಡಿಸ್ಕೂ ಕಾಣಲಿಲ್ಲ, ಹಳೆಯದೂ ಕಾಣಲಿಲ್ಲ. ಮೇಷ್ಟ್ರ ಹಣೆ ಬೆವರಿತು. ಹತ್ತು ನಿಮಿಷ ಕೇಬಲ್ಲು ಕಿತ್ತು ಚುಚ್ಚಿ ಆದಮೇಲೆ ಡಿಸ್ಕಿನ ಮೇಲಂಟಿಸಿದ್ದ ಚೀಟಿ ಓದುವ ಬುದ್ಧಿ ಬಂತು.

‘ಜಂಪರ್ ಬದಲಾಯಿಸಬೇಕಿತ್ತು ಕಣೇ. ಅದಕ್ಕೇ ಹೀಗೆ.’

ಹೆಂಡತಿ ತಮ್ಮ ರವಿಕೆಯನ್ನೊಮ್ಮೆ ನೋಡಿಕೊಂಡರು. ‘ನನ್ನ ಜಂಪರಿಗೇನಾಗಿದೆ?’

‘ನಿನ್ನದಲ್ಲ, ಇದರದು.’

ಡಿಸ್ಕಿನ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಟೋಪಿ, ಎರಡು ಸೂಜಿಗಳನ್ನು ಹಿಡಿದು ಕೂತಿತ್ತು. ಅದಕ್ಕೆ ಜಂಪರ್ ಎಂದು ಹೆಸರು. ಒಂದು ಕಡೆ ಕೂರಿಸಿದರೆ ಡಿಸ್ಕು ‘ಮಾಸ್ಟರ್’, ಇನ್ನೊಂದು ಕಡೆ ಕೂರಿಸಿದರೆ ‘ಸ್ಲೇವ್’. ಒಂದೇ ಕೇಬಲ್ಲಿನಲ್ಲಿ ಒಬ್ಬ ಯಜಮಾನ, ಒಬ್ಬ ಆಳು ಇರಬೇಕು; ಅಂಗಡಿಯಿಂದ ಬಂದ ಡಿಸ್ಕೂ ಯಜಮಾನನಾಗಿಯೇ ಬಂದದ್ದರಿಂದ ಯಂತ್ರ ಯಾರ ಮಾತು ಕೇಳಬೇಕೆಂದು ತಿಳಿಯದೆ ಇಬ್ಬರನ್ನೂ ಬಿಟ್ಟಿತ್ತು. ಮೇಷ್ಟ್ರ ದಪ್ಪ ಬೆರಳಿಗೆ ಆ ಟೋಪಿ ಸಿಗಲಿಲ್ಲ. ಹೆಂಡತಿ ಕಾಲಿನ ಮುಳ್ಳು ಕೀಳುವ ಚಿಮಟ ತಂದು, ಒಂದೇ ಸಲಕ್ಕೆ ಕಿತ್ತು, ಚೀಟಿಯಲ್ಲಿ ತೋರಿಸಿದ ಕಡೆ ಕೂರಿಸಿದರು. ಈ ಸಲ ಎರಡು ಡಿಸ್ಕಿನ ಹೆಸರೂ ಒಂದರ ಕೆಳಗೊಂದು ಪರದೆಯ ಮೇಲೆ ಬಂದವು.

ಮುಂದಿನದು ಎಫ್‌ಡಿಸ್ಕ್. ಹೊಲಕ್ಕೆ ಬದು ಹಾಕುವ ಕೆಲಸ. ಯಾವ ಡಿಸ್ಕು ಎಂಬುದನ್ನು ಮೊದಲು ಆರಿಸಬೇಕು. ಮೇಷ್ಟ್ರು ಎರಡನೆಯದನ್ನೇ ಆರಿಸಿ, ಹುಡುಗ ಹೇಳಿದಂತೆ ಎಕ್ಸ್‌ಟೆಂಡೆಡ್ ಎಂದು ಪಾಲು ಮಾಡಿದರು. ಯಂತ್ರ ಆರಿಸಿ ಹಚ್ಚಿದರು. ಅಂಗಡಿಯ ಚೀಟಿಯ ಮೂರನೆಯ ಸಾಲಿನಂತೆ ಫಾರ್ಮ್ಯಾಟ್ ಡಿ ಎಂದು ಕುಟ್ಟಿದರು. ಪರದೆಯ ಮೇಲೆ ದೊಡ್ಡಕ್ಷರದ ಎಚ್ಚರಿಕೆ ಬಂತು: ಡಿಯಲ್ಲಿರುವುದೆಲ್ಲ ಹೋಗುತ್ತದೆ, ಮುಂದುವರಿಯಲೇ? ವೈ ಅಥವಾ ಎನ್.

ಚೀಟಿಯ ನಾಲ್ಕನೆಯ ಸಾಲು ವೈ ಎಂದೇ ಇತ್ತು. ಮೇಷ್ಟ್ರ ಬೆರಳು ಆ ಕೀಲಿಯ ಮೇಲೆ ಬಂದಿತ್ತು.

‘ಏನು ಕೇಳ್ತಿದೆ ಅದು?’ ಎಂದರು ಹೆಂಡತಿ.

‘ಒಳಗಿರೋದೆಲ್ಲ ಹೋಗುತ್ತೆ, ಆಗಬಹುದಾ ಅಂತ.’

‘ಹೊಸಾ ಡಿಸ್ಕಲ್ವೇನ್ರೀ? ಅದರಲ್ಲಿ ಹೋಗೋಕೆ ಏನಿದೆ?’

‘ಏನೂ ಇಲ್ಲ. ಸುಮ್ಮನೆ ಒಂದು ಮಾತು ಕೇಳುತ್ತೆ.’

‘ಏನೂ ಇಲ್ಲ ಅಂತ ಒಳಗೆ ನೋಡಿದ್ರಾ? ಹಗೇವಿಗೆ ಇಳಿಯೋ ಮುಂಚೆ ದೀಪ ಇಳಿಸಿ ನೋಡ್ತಾರೆ ಅಂತ ನೀವೇ ಬರ್ಕೊಂಡಿದ್ರಿ.’

ಬರೆದುಕೊಂಡದ್ದು ನಿಜ. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಮೊದಲು ಇಳಿಬಿಡುತ್ತಾರೆ. ದೀಪ ಆರಿದರೆ ಮನುಷ್ಯ ಇಳಿಯುವುದಿಲ್ಲ. ಹೆಂಡತಿಯ ಮಾತಿಗೆ ನಗುತ್ತಲೇ ಮೇಷ್ಟ್ರು ಎನ್ ಒತ್ತಿದರು. ಒಳಗೆ ಏನಿದೆ ಎಂದು ಪಟ್ಟಿ ತೋರಿಸುವ ಡಿರ್ ಎಂಬ ಆಜ್ಞೆ ಕುಟ್ಟಿ, ಪಕ್ಕದಲ್ಲಿ ಡಿ ಎಂದು ಬರೆದು ಎಂಟರ್ ಒತ್ತಿದರು.

ಖಾಲಿ ಡಿಸ್ಕಾಗಿದ್ದರೆ ಓದಲಾಗುತ್ತಿಲ್ಲ ಎಂಬ ಉತ್ತರ ಬರಬೇಕಿತ್ತು. ಬಂದದ್ದು ಪಟ್ಟಿ. ಪದಗಳು. ಕ್ಯಾಸೆಟ್ಟು ಒಂದು. ಕ್ಯಾಸೆಟ್ಟು ಎರಡು. ಕ್ಯಾಸೆಟ್ಟು ಆರು.

ಮೇಷ್ಟ್ರ ಕೈ ತಣ್ಣಗಾಯಿತು. ಸ್ವಲ್ಪ ಹೊತ್ತು ಅವರಿಗೆ ಮಾತೇ ಹೊರಡಲಿಲ್ಲ. ನಗು ನಿಂತದ್ದು ಕಂಡು ಹೆಂಡತಿಯೇ ಒಂದು ಲೋಟ ನೀರು ತಂದಿಟ್ಟರು.

ತಪ್ಪು ಯಾರದೆಂದು ಹುಡುಕಿದರೆ ಯಾರದೂ ಅಲ್ಲ. ಆ ಕಾಲದ ಡಾಸ್, ವಿಂಡೋಸ್ 98 ಮುಂತಾದವು ಡಿಸ್ಕಿನ ಭಾಗಗಳಿಗೆ ಅಕ್ಷರ ಹಂಚುವುದಕ್ಕೆ ಒಂದು ಕ್ರಮವಿತ್ತು. ಮೊದಲು ಎಲ್ಲ ಡಿಸ್ಕುಗಳ ಪ್ರೈಮರಿ ಭಾಗಗಳಿಗೆ, ಆಮೇಲೆ ಮೊದಲ ಡಿಸ್ಕಿನಿಂದ ಶುರುಮಾಡಿ ಉಳಿದ ಭಾಗಗಳಿಗೆ. ಹೊಸ ಡಿಸ್ಕಿನಲ್ಲಿ ಪ್ರೈಮರಿ ಮಾಡಿದ್ದರೆ ಅದು ಸಾಲು ಮುರಿದು ಮುಂದೆ ಬಂದು ಡಿ ಆಗುತ್ತಿತ್ತು, ಹಳೆಯ ಡಿ ಇ ಆಗುತ್ತಿತ್ತು. ಅಂಗಡಿಯವನು ಬರೆದುಕೊಟ್ಟದ್ದು ಆ ಲೆಕ್ಕದಲ್ಲಿ, ಅದು ಸರಿ. ಎಕ್ಸ್‌ಟೆಂಡೆಡ್ ಮಾಡಿದರೆ ಹಳೆಯದು ಡಿಯಾಗಿಯೇ ಉಳಿದು ಹೊಸದು ಇ ಆಗುತ್ತದೆ. ಎದುರುಮನೆ ಹುಡುಗ ಹೇಳಿದ್ದು ಈ ಲೆಕ್ಕದಲ್ಲಿ, ಅದೂ ಸರಿ. ಎರಡು ಸರಿಗಳನ್ನು ಒಂದರ ಪಕ್ಕ ಒಂದಿಟ್ಟು ಮೇಷ್ಟ್ರು ಒಂದು ದೊಡ್ಡ ತಪ್ಪನ್ನು ಕಟ್ಟಿದ್ದರು. ಇಬ್ಬರು ವೈದ್ಯರ ಔಷಧಿಯನ್ನು ಒಟ್ಟಿಗೆ ಕುಡಿದ ಹಾಗೆ.

ಫಾರ್ಮ್ಯಾಟ್ ಇ ಎಂದು ಕುಟ್ಟುವ ಮೊದಲು ಮೇಷ್ಟ್ರು ಇಗೂ ದೀಪ ಇಳಿಸಿ ನೋಡಿದರು. ಓದಲಾಗುತ್ತಿಲ್ಲ ಎಂಬ ಉತ್ತರ ಬಂತು. ಬೈಗುಳದಂಥ ಆ ಸಾಲು ಅವತ್ತು ಹಿತವಾಗಿ ಕಂಡಿತು. ಕೆಲಸ ಮುಗಿದಾಗ ಯಂತ್ರ ತೋರಿಸಿದ ಅಳತೆ ನಾಲ್ಕು ಗಿಗಾಬೈಟು. ಚೀಟಿಯ ಮೇಲಿದ್ದ 4.3ರಲ್ಲಿ 0.3 ಎಲ್ಲಿ ಹೋಯಿತು? ಅಂಗಡಿಯವನ ಮೋಸವೇನೂ ಅಲ್ಲ. ಡಿಸ್ಕು ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಯಂತ್ರ 1,024ರ ಲೆಕ್ಕದಲ್ಲಿ. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮವಲ್ಲ ಎಂದು ಚೀಟಿಗಟ್ಟಲೆ ಬರೆದುಕೊಂಡಿದ್ದ ಮೇಷ್ಟ್ರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಡಿಯಲ್ಲಿದ್ದುದೆಲ್ಲ ಇಗೆ ನಕಲಾಗತೊಡಗಿತು. ನಕಲು ಸರಿಯಾಗಿದೆಯೇ ಎಂದು ನೋಡಲು ಮೇಷ್ಟ್ರು ಹೊಸ ಡಿಸ್ಕಿನಿಂದ ಆರನೆಯ ಕ್ಯಾಸೆಟ್ಟು ಹಚ್ಚಿದರು. ಕೆಮ್ಮು, ಕೋಳಿಯ ಕೂಗು, ದೂರದಲ್ಲಿ ಯಾರೋ ನೀರು ಸೇದುವ ಸದ್ದು. ಆಮೇಲೆ ಅಜ್ಜನ ಧ್ವನಿ: ‘ತಿನ್ನೋ ಕಾಳು ಹಗೇವಿನಾಗಿರ್ಲಿ ಕಣಪ್ಪ. ಬಿತ್ತೋ ಕಾಳು ಬ್ಯಾರೆ. ಅದ್ನ ಎಲ್ಡು ಮನ್ಯಾಗಿಡ್ಬೇಕು.’

ಒಂದು ಮಳೆಗಾಲ ಹಗೇವಿಗೆ ನೀರು ನುಗ್ಗಿತಂತೆ. ಮನೆಯ ಗೋಡೆಯೂ ಕುಸಿದು ಬೇವಿನ ಸೊಪ್ಪಿನ ನಡುವೆ ಗುಡಾಣದಲ್ಲಿಟ್ಟಿದ್ದ ಬಿತ್ತನೆ ರಾಗಿಯೂ ಮೊಳೆತುಹೋಯಿತಂತೆ. ತಂಗಿಯ ಮನೆಯಲ್ಲಿ ಇರಿಸಿದ್ದ ಎರಡು ಸೇರು ಬೀಜದಿಂದ ಆ ವರ್ಷದ ಹೊಲ ಬಿತ್ತಿದರಂತೆ.

ಈ ಮಾತನ್ನು ಮೇಷ್ಟ್ರು ಹತ್ತಾರು ಸಲ ಕೇಳಿದ್ದರು. ಅದರಿಂದ ಹಗೇವು, ಗುಡಾಣ ಎಂದು ಎರಡು ಚೀಟಿಯನ್ನೂ ಬರೆದಿದ್ದರು. ಪದ ಹೆಕ್ಕುವ ಆತುರದಲ್ಲಿ ಅಜ್ಜ ಏನು ಹೇಳುತ್ತಿದ್ದಾರೆ ಎಂಬುದಕ್ಕೆ ಕಿವಿಗೊಟ್ಟಿರಲಿಲ್ಲ. ಒಂಬತ್ತು ವರ್ಷದ ಬಿತ್ತನೆ ಕಾಳನ್ನು ಅವರು ಒಂದೇ ಗುಡಾಣದಲ್ಲಿಟ್ಟು, ಬೆಂಕಿಕಡ್ಡಿ ಗೀರಲು ಕೂತಿದ್ದರು. ಜಾಗ ಸಾಲದೆಂದು ತಂದ ಎರಡನೆಯ ಡಿಸ್ಕಿನಿಂದ ಜಾಗ ಹೆಚ್ಚಾಯಿತು, ನಿಜ. ಆದರೆ ನಕಲು ಮಾಡಿ ಮುಗಿಸುವವರೆಗೆ ಅದು ಇನ್ನೊಂದು ಹಗೇವು ಮಾತ್ರ. ಕಾಳು ಎರಡು ಕಡೆ ಇದ್ದಂತಾಗಲಿಲ್ಲ.

ಅಷ್ಟಕ್ಕೂ ಎರಡು ಡಿಸ್ಕೂ ಇದ್ದದ್ದು ಒಂದೇ ಪೆಟ್ಟಿಗೆಯಲ್ಲಿ, ಒಂದೇ ವಯರಿನ ಮೇಲೆ. ಸಿಡಿಲು ಬಡಿದರೆ ಎರಡಕ್ಕೂ ಒಂದೇ ಗತಿ. ಅದು ತಂಗಿಯ ಮನೆಯಲ್ಲ, ಅದೇ ಮನೆಯ ಇನ್ನೊಂದು ಮೂಲೆ. ಮರುವಾರ ಮೇಷ್ಟ್ರು ಪದಗಳನ್ನೆಲ್ಲ ನಾಲ್ಕು ಫ್ಲಾಪಿಗಳಲ್ಲಿ ತುಂಬಿ ಮೈಸೂರಿನ ಮಗಳ ಮನೆಗೆ ಒಯ್ದುಕೊಟ್ಟರು. ಫ್ಲಾಪಿಯೊಂದಕ್ಕೆ 1.44 ಮೆಗಾಬೈಟು, ಧ್ವನಿ ಅದರಲ್ಲಿ ಹಿಡಿಯುವಂತಿಲ್ಲ. ಉಳಿದ 16 ಕ್ಯಾಸೆಟ್ಟುಗಳೂ ಯಂತ್ರಕ್ಕೆ ಇಳಿದ ಮೇಲೆ, 2000ದಲ್ಲಿ, ಸಿ.ಡಿ. ಬರೆಯುವ ಯಂತ್ರವಿದ್ದ ಡಿ.ಟಿ.ಪಿ. ಅಂಗಡಿಯೊಂದರಲ್ಲಿ 650 ಮೆಗಾಬೈಟಿನ ಒಂದೊಂದು ಸಿ.ಡಿ.ಗೆ ನಾಲ್ಕು ಕ್ಯಾಸೆಟ್ಟಿನಂತೆ ಆರು ಸಿ.ಡಿ. ಮಾಡಿಸಿದರು. ಅವೂ ಮೈಸೂರಿಗೆ ಹೋದವು. ಮಗಳು, ‘ಅಪ್ಪ, ಹಬ್ಬಕ್ಕೆ ಸೀರೆ ತರೋದು ಬಿಟ್ಟು ಇದೇನು ತರ್ತೀರಿ?’ ಎನ್ನುತ್ತಲೇ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಳು.

2001ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹಳೆಯ ಡಿಸ್ಕು ಗೋಡೆಗಡಿಯಾರದ ಹಾಗೆ ಟಕ್ ಟಕ್ ಎನ್ನತೊಡಗಿತು. ಸಂಜೆಯ ಹೊತ್ತಿಗೆ ಅದೂ ನಿಂತಿತು. ಸಿ ಹೋಯಿತು, ಡಿ ಹೋಯಿತು. ಮೇಷ್ಟ್ರು ಮುಚ್ಚಳ ಬಿಚ್ಚಿ ಅದನ್ನು ಹೊರತೆಗೆದರು. ಹೆಂಡತಿ ಕೇಳದೆಯೇ ಚಿಮಟ ತಂದರು. ಹೊಸ ಡಿಸ್ಕಿನ ಟೋಪಿ ಜಾಗ ಬದಲಾಯಿಸಿತು; ಎರಡು ವರ್ಷ ಆಳಾಗಿದ್ದದ್ದು ಯಜಮಾನನಾಯಿತು. ವಿಂಡೋಸನ್ನು ಹೊಸದಾಗಿ ಹಾಕಿಸುವುದಕ್ಕೆ ಒಂದು ದಿನ ಹಿಡಿಯಿತು. ಪದವೊಂದೂ ಕಳೆಯಲಿಲ್ಲ. ಅಜ್ಜನ ಕೆಮ್ಮೂ ಕಳೆಯಲಿಲ್ಲ.

ಆಮೇಲೆ ಎಲ್ಲ ಬದಲಾಯಿತು. 2003ರಿಂದ ಸಾಟಾ ಎಂಬ ಸಣ್ಣ ಕೇಬಲ್ಲಿನ ಡಿಸ್ಕುಗಳು ಬಂದವು. ಒಂದು ಕೇಬಲ್ಲಿಗೆ ಒಂದೇ ಡಿಸ್ಕು, ಯಜಮಾನ ಆಳು ಎಂಬ ಭೇದವೂ ಇಲ್ಲ, ಜಂಪರ್ ಹಾಕುವ ಗೋಜೂ ಇಲ್ಲ. 4,800 ರೂಪಾಯಿಗೆ ಇಂದು ಅದರ ನೂರಾರು ಪಟ್ಟು ಜಾಗ ಸಿಗುತ್ತದೆ. ಫ್ಲಾಪಿ ಓದುವ ಯಂತ್ರ ಹುಡುಕಿದರೂ ಸಿಗುವುದು ಕಷ್ಟ. ಆಗಿನ ಬರಹದ ಅಕ್ಷರಗಳು ಆ ಫಾಂಟಿಲ್ಲದ ಕಡೆ ಬರೀ ಗೀಚಾಗಿ ಕಾಣುವುದರಿಂದ ಅವನ್ನು ಯೂನಿಕೋಡಿಗೆ ತಿರುಗಿಸಬೇಕಾಯಿತು. ಸಿ.ಡಿ.ಗಳಲ್ಲಿ ಒಂದು ಓದಲಾಗದೆ ಹೋದಾಗ ಇನ್ನೊಂದು ಮನೆಯ ನಕಲಿನಿಂದ ತುಂಬಿಕೊಂಡರು. ಬಿತ್ತನೆ ಬೀಜವನ್ನು ವರ್ಷ ವರ್ಷವೂ ಬಿತ್ತಿ ಹೊಸದಾಗಿ ಎತ್ತಿಡಬೇಕು. ಇಟ್ಟಲ್ಲೇ ಇಟ್ಟರೆ ಮೊಳೆಯುವ ಶಕ್ತಿ ಹೋಗುತ್ತದೆ. ಇದನ್ನೂ ಆ ಆರನೆಯ ಕ್ಯಾಸೆಟ್ಟಿನಲ್ಲಿ ಅಜ್ಜ ಹೇಳಿದ್ದರು.

ಈಗ ಆ 22 ಕ್ಯಾಸೆಟ್ಟುಗಳೂ ಹೆಬ್ಬೆರಳಿನಷ್ಟು ಉದ್ದದ ಪೆನ್ ಡ್ರೈವಿನ ಒಂದು ಮೂಲೆಯಲ್ಲಿ ಹಿಡಿಸುತ್ತವೆ. ಅಂಥವು ಮೂರು ಇವೆ, ಮೂರು ಮನೆಗಳಲ್ಲಿ. ಬೂಟಿನ ಡಬ್ಬಗಳನ್ನೂ ಮೇಷ್ಟ್ರು ಬಿಸಾಡಲಿಲ್ಲ. ಮೊದಲನೆಯ ಡಬ್ಬದ ಮುಚ್ಚಳದ ಒಳಗೆ ಎಸ್.ಪಿ. ರೋಡಿನ ಅಂಗಡಿಯ ಬಿಲ್ಲು ಅಂಟಿಸಿದೆ, ಹಿಂಬದಿ ಕಾಣುವ ಹಾಗೆ. ಅದರ ನಾಲ್ಕು ಸಾಲಿನಲ್ಲಿ ಮೂರನೆಯದರ ಮೇಲೆ, ಮೇಷ್ಟ್ರದಲ್ಲದ ಗುಂಡು ಅಕ್ಷರದಲ್ಲಿ, ಪೆನ್ಸಿಲಿನಿಂದ ಇನ್ನೊಂದು ಸಾಲು ಸೇರಿಸಿದೆ: ‘ಮೊದಲು ದೀಪ ಇಳಿಸಿ.’